ದೊಡ್ಡವ್ವನ ಅರವಟ್ಟಿಗೆ

ಮೊನ್ನೆ ನನ್ನ ಮಗಳು ಗಾಂಧಿನಗರದ ಮನೆಗೆ ಹೊಸ ಮಣ್ಣಿನ ಗಡಿಗೆ ತಂದಳು. ನೀರು ತುಂಬಿಸಿದ್ದೇ ತಡ, ಹಸಿಮಣ್ಣಿನ ವಾಸನೆ ಮನೆಯೆಲ್ಲ ಹರಡಿತು. ಅದರ ಹಿಂದೆಯೇ ಕಲ್ಲಿದ್ದಲ ಹೊಗೆಯ ವಾಸನೆ... ಈ ಮನೆಗೆ ಕಲ್ಲಿದ್ದಲು ಎಲ್ಲಿಂದ ಬರಬೇಕು? ಆದರೂ ನನ್ನ ಮೂಗಿಗೆ ಬಂತು.

ಕುರುಗೋಡಿನಿಂದ ನಾನು ಸೊಸೆಯಾಗಿ ಹೋದ ಊರಿನಲ್ಲಿ ರೈಲು ನಿಲ್ಲುತ್ತಿತ್ತು. ನಿಲ್ದಾಣವೆಂದರೆ ಒಂದು ಬೇವಿನ ಮರ, ಒಂದು ಕಲ್ಲುಬೆಂಚು. ಆ ಮರದ ಕೆಳಗೆ ನಮ್ಮ ಪಕ್ಕದ ಮನೆಯ ದೊಡ್ಡವ್ವನ ಅರವಟ್ಟಿಗೆ. ಶಿವರಾತ್ರಿ ಕಳೆದದ್ದೇ ಮರಳಿನ ಮೇಲೆ ಗಡಿಗೆಗಳನ್ನು ಕೂರಿಸುತ್ತಿದ್ದಳು. ಮಳೆ ಬೀಳುವವರೆಗೂ ಹತ್ತಿದವರಿಗೆ, ಇಳಿದವರಿಗೆ, ಕಿಟಕಿಯಿಂದ ಕೈಚಾಚಿದವರಿಗೆಲ್ಲ ತಣ್ಣನೆಯ ನೀರು. ನೀರು ಹೊರುವ ಸರದಿ ಮಾತ್ರ ಊರಿನದು; ಇವತ್ತು ಒಂದು ಮನೆ, ನಾಳೆ ಇನ್ನೊಂದು. ರೈಲನ್ನೇ ಹತ್ತದ ಮನೆಯವರೂ ಹೊರುತ್ತಿದ್ದರು.

ರೈಲು ಅಲ್ಲಿ ನಿಲ್ಲದಿದ್ದ ಕಾಲದಲ್ಲಿ ದೊಡ್ಡವ್ವನ ಮಗಳನ್ನು ಹೆರಿಗೆಗೆಂದು ಎತ್ತಿನ ಗಾಡಿಯಲ್ಲಿ ಬಳ್ಳಾರಿಗೆ ಹೊರಡಿಸಿದ್ದರಂತೆ. ಗಾಡಿ ಬಳ್ಳಾರಿ ಮುಟ್ಟಲಿಲ್ಲ... ಆ ಮಗಳ ಹೆಸರಿನಲ್ಲಿ ಇಟ್ಟ ಅರವಟ್ಟಿಗೆ ಅದು.

ಸ್ವಾತಂತ್ರ್ಯ ಬಂದ ಮೇಲಿನ ಒಂದು ಬೇಸಿಗೆ. ನಾನು ಏಳು ತಿಂಗಳ ಬಸುರಿ. ಈ ನಿಲ್ದಾಣದಿಂದ ಲಾಭವಿಲ್ಲ, ರೈಲು ಇನ್ನು ನಿಲ್ಲುವುದಿಲ್ಲ, ನೋಡಿ ತೀರ್ಮಾನಿಸಲು ರೈಲ್ವೆ ಸಾಹೇಬರು ಬರುತ್ತಾರೆ ಎಂಬ ಸುದ್ದಿ ಬಂತು. ದೊಡ್ಡವ್ವ ನನ್ನ ಹೊಟ್ಟೆಯನ್ನೇ ನೋಡುತ್ತಾ ಕುಳಿತಳು.

ಸಾಹೇಬರು ಬಂದರು. ಹಿಂದಿನ ಸಂಜೆ ಕಟ್ಟೆಯ ಮೇಲೆ ಗುಡುಗಿದ್ದ ಗಂಡಸರೆಲ್ಲ ಅವರ ಟೋಪಿ ಕಂಡದ್ದೇ ಮರದ ಹಿಂದೆ ಸರಿದರು. ಸಾಹೇಬರು ಗಟಗಟ ನೀರು ಕುಡಿದು ಜೇಬಿಗೆ ಕೈಹಾಕಿದರು.

“ಅರವಟ್ಟಿಗ್ಯಾಗ ರೊಕ್ಕ ತಗೊಳಂಗಿಲ್ರಿ,” ಎಂದಳು ದೊಡ್ಡವ್ವ.

ಹಾಗಾದರೆ ನಿನಗೇನು ಲಾಭ ಎಂದು ಅವರು ತೆಲುಗಿನಲ್ಲಿ ಕೇಳಿದರು. ಇವಳು ಕನ್ನಡದಲ್ಲೇ ಉತ್ತರ ಕೊಟ್ಟಳು. ನಮ್ಮ ಕಡೆ ಅದಕ್ಕೆಲ್ಲ ದುಭಾಷಿ ಬೇಕಿರಲಿಲ್ಲ.

“ಕುಡದವ್ರು ತಮ್ಮ ಊರು ಮುಟ್ಟತಾರಲ್ರಿ, ಅದ ಲಾಭ. ನಿಮ್ಮ ರೈಲೂ ಇಂಥಾದ್ದ ಅಲ್ಲೇನ್ರಿ?”

ಸಾಹೇಬರೇನು ದಡ್ಡರಲ್ಲ. ನೀರನ್ನಾದರೂ ಯಾರೋ ಹೊರಬೇಕಲ್ಲಮ್ಮ, ರೈಲಿನ ಖರ್ಚು ಯಾರು ಹೊರಬೇಕು ಎಂದರು. ಅದೂ ನ್ಯಾಯದ ಮಾತೇ.

“ಊರು ಹೊರತೈತ್ರಿ. ಕುಡಿಯೋರ ಹೊರಬೇಕು ಅಂದಿದ್ರ ಅರವಟ್ಟಿಗಿ ಯಾವಾಗೋ ಮುಚ್ಚತಿತ್ತು.” ಅಷ್ಟೆಂದು ನನ್ನ ಕೈಹಿಡಿದು ಮುಂದೆ ಎಳೆದಳು. “ಇಕಿ ಬಳ್ಳಾರಿ ದವಾಖಾನಿ ಮುಟ್ಟಬೇಕ್ರಿ, ಸಾಹೇಬ್ರ.”

ಅವರು ನನ್ನನ್ನು ನೋಡಿದರು. ಇನ್ನೊಂದು ತಂಬಿಗೆ ನೀರು ಕೇಳಿ ಕುಡಿದು ಹೊರಟುಹೋದರು.

ನಿಲ್ಲುತ್ತಿದ್ದ ಎರಡು ರೈಲುಗಳಲ್ಲಿ ಒಂದನ್ನು ಉಳಿಸಿದರು. ನೋವು ಶುರುವಾದ ದಿನ ದೊಡ್ಡವ್ವ ಅದರಲ್ಲೇ ನನ್ನ ಜೊತೆ ಬಂದಳು, ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಬಳ್ಳಾರಿ ಬಂತು ಎಂದು ಯಾರೋ ಕೂಗಿದಾಗ ಬಿಕ್ಕಿಬಿಕ್ಕಿ ಅತ್ತಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ದೊಡ್ಡವ್ವ ಹೋಗಿ ಬಹಳ ಕಾಲವಾಯಿತು. ರೈಲು ಅಲ್ಲಿ ನಿಲ್ಲುವುದೂ ತಪ್ಪಿತಂತೆ. ಬೇವಿನ ಮರ ಇದೆಯೋ ಇಲ್ಲವೋ... ಅವಳ ಪಕ್ಕದ ಮನೆಯವಳು ನಾನು ಎಂದು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ.

ಮಗಳು ಗಡಿಗೆಯನ್ನು ಅಡುಗೆಮನೆಗೆ ಒಯ್ಯುತ್ತಿದ್ದಳು. ಆ ರೈಲಿನಿಂದಾಗಿ ಉಳಿದ ಮಗಳು. ಅರವಟ್ಟಿಗೆ ಯಾರ ಹೆಸರಿನಲ್ಲಿತ್ತೋ ಅವಳ ಹೆಸರನ್ನೇ ಇವಳಿಗೆ ಇಟ್ಟಿದ್ದೆ. ನಾನು ಬೀದಿಬಾಗಿಲ ಕಡೆ ಕೈ ತೋರಿಸಿದೆ.

“ಹೊರಗ್ಯಾಕವ್ವ?” ಎಂದಳು.

“ಹೋಗೋರು ಬರೋರು ಕುಡೀಲಿ,” ಎಂದೆ.