ತಖ್ತೆಯ ಕೊನೆಯ ಸಾಲು

ಎಪ್ಪತ್ತರ ದಶಕದಲ್ಲಿ, ಗೇಣಿಗೆ ಉಳುವವರೆಲ್ಲ ಆ ಹೊಲ ತಮ್ಮದಾಗಬೇಕೆಂದು ಸರ್ಕಾರಕ್ಕೆ ಅರ್ಜಿ ಹಾಕಿಕೊಂಡ ಕಾಲಕ್ಕೆ, ನಾನು ಬಳ್ಳಾರಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕುರುಗೋಡು, ಸಿರುಗುಪ್ಪ ಕಡೆಯ ಅರ್ಜಿಗಳು ಗೋಣಿಚೀಲಗಳಲ್ಲಿ ನಮ್ಮಲ್ಲಿಗೆ ಬಂದವು. ಅಷ್ಟನ್ನೂ ಒಟ್ಟಿಗೆ ತಖ್ತೆಗೆ ಇಳಿಸಬೇಕಿತ್ತು. ತಖ್ತೆ ಎಂದರೆ ಗೆರೆ ಹೊಡೆದ ದೊಡ್ಡ ಹಾಳೆ. ಒಬ್ಬ ಅರ್ಜಿದಾರನಿಗೆ ಒಂದು ಸಾಲು, ಆ ಸಾಲಿನಲ್ಲಿ ಅವನ ಹೆಸರು, ಸರ್ವೆ ನಂಬರು, ಎಕರೆ. ಮೇಲಿನವರು ಅರ್ಜಿ ಓದುತ್ತಿರಲಿಲ್ಲ, ತಖ್ತೆಯನ್ನಷ್ಟೇ ನೋಡುತ್ತಿದ್ದರು.

ಚೀಲ ನೋಡಿದರೇ ನನಗೆ ಕೈ ಸೋಲುತ್ತಿತ್ತು. ನಮ್ಮ ಹೆಡ್ ಗುಮಾಸ್ತರಿಗೆ ಅವಸರವೋ ಅವಸರ.

"ಒಂದೊಂದ ಅರ್ಜಿ ಹಿಡಕೊಂಡು ಕುಂತ್ರ ಮುಗಿಯಂಗಿಲ್ಲ. ಕಾಲಂ ಕಾಲಂ ಹೊಡೀರಿ," ಅಂದರು.

ಅಂದರೆ ಮೊದಲು ಕಟ್ಟು ಪೂರಾ ತಿರುವಿ ಬರೀ ಹೆಸರು ಬರೆಯುವುದು. ಆಮೇಲೆ ಅದೇ ಕಟ್ಟನ್ನು ಮತ್ತೆ ಮೊದಲಿನಿಂದ ತಿರುವಿ ಬರೀ ಸರ್ವೆ ನಂಬರು. ಆಮೇಲೆ ಎಕರೆ. ಜೊತೆಯ ಗುಮಾಸ್ತ ಓದುತ್ತಿದ್ದ, ನಾನು ಬರೆಯುತ್ತಿದ್ದೆ. ಇದರಲ್ಲಿ ಬುದ್ಧಿಗೆ ಏನೂ ಕೆಲಸವಿರಲಿಲ್ಲ, ಆ ದಣಿವಿನಲ್ಲಿ ನನಗೆ ಅದೇ ಹಿತವೆನಿಸಿತ್ತು.

ಒಂದು ಕಟ್ಟಿನ ಮೂರೂ ಕಾಲಂ ಮುಗಿಸಿ ನೋಡಿದಾಗ ಹೆಸರುಗಳು ನಂಬರು, ಎಕರೆಗಳಿಗಿಂತ ಒಂದು ಹೆಚ್ಚಾಗಿದ್ದವು. ಕೊನೆಯ ಹೆಸರಿನ ಮುಂದೆ ಬರೆಯಲು ಏನೂ ಉಳಿದಿರಲಿಲ್ಲ. ಅರ್ಜಿ ತೆಗೆದು ನೋಡಬೇಕಿತ್ತು. ಅಷ್ಟೊತ್ತಿಗೆ ಕಟ್ಟನ್ನು ದಾರದಿಂದ ಬಿಗಿದು ಚೀಲಕ್ಕೆ ಹಾಕಿಯಾಗಿತ್ತು. ಮತ್ತೆ ಬಿಚ್ಚುವುದು ಯಾರು ಅಂದುಕೊಂಡು, "ವಿವರ ಕೊಟ್ಟಿಲ್ಲ" ಎಂದು ಬರೆದು ಎದ್ದೆ. ವಿವರ ಕೊಡದವರಿಗೆ ಮೊದಲು ನೋಟಿಸು ಹೋಯಿತು, ಅರ್ಜಿ ವಜಾ ಎಂದು. ಉಳಿದವರ ನೋಟಿಸು ಇನ್ನೂ ಹೊರಟಿರಲಿಲ್ಲ.

ಒಂದು ಸೋಮವಾರ ಸಿರುಗುಪ್ಪದ ಆಚೆಯ ಹಳ್ಳಿಯಿಂದ ಹೆಣ್ಣುಮಗಳೊಬ್ಬಳು ಆ ನೋಟಿಸು ಹಿಡಿದು ಬಂದಳು. ಅರ್ಜಿ ಅವಳ ಮಾವನದು.

"ಮಾವ ಹಾಸಿಗಿ ಹಿಡ್ದಾರ್ರಿ ಅಣ್ಣಾ. ಇದನ್ನ ಓದಿಸಿ ಕೇಳಿದಾಗಿಂದ ಗಂಜಿನೂ ಬ್ಯಾಡ ಅಂತಾರ. ಹೊಲ ಐತೋ ಇಲ್ಲೋ ಅಷ್ಟು ಹೇಳ್ರಿ, ಹೋಗಿ ಹೇಳ್ತೀನಿ," ಅಂದಳು.

ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಕಟ್ಟು ಬಿಚ್ಚಿದೆ. ಮುದುಕನ ಅರ್ಜಿಯಲ್ಲಿ ಎಲ್ಲವೂ ಇತ್ತು. ತಖ್ತೆಯಲ್ಲಿ ಅವನ ನಂಬರು ಮೇಲಿನ ಸಾಲಿನವನ ಹೆಸರಿಗೆ ಹೋಗಿತ್ತು, ಆ ಮೇಲಿನವನದು ಇನ್ನೂ ಮೇಲಿನವನಿಗೆ. ಹಾಗೇ ಒಂದೊಂದೇ ಹಿಂದಕ್ಕೆ ಹೋಗಿ ಕುರುಗೋಡಿನ ಅರ್ಜಿಗಳವರೆಗೆ ಬಂದೆ. ಅಲ್ಲಿ ಯಾರೋ ಪುಣ್ಯಾತ್ಮ ಒಳ್ಳೆಯದಾಗಲೆಂದು ತನ್ನ ಅರ್ಜಿಯ ಮೇಲೆ ಬೇರೆಯೇ ಒಂದು ಹಾಳೆ ಇಟ್ಟು, ಅದಕ್ಕೆ ಅರಿಶಿನ ಹಚ್ಚಿ, ಊರ ದೇವರ ಹೆಸರು ಬರೆದಿದ್ದ. ಜೊತೆಯವನು ಅದನ್ನೂ ಓದಿದ್ದ, ನಾನು ಬರೆದಿದ್ದೆ. ದೇವರ ಹೆಸರಿನಲ್ಲಿ ಹೊಲವಿರುವುದು ನಮ್ಮ ಕಡೆ ಹೊಸದೇನಲ್ಲ, ಹಾಗಾಗಿ ಇಬ್ಬರಿಗೂ ಅನುಮಾನ ಬಂದಿರಲಿಲ್ಲ. ನಂಬರು, ಎಕರೆ ಓದುವಾಗ ಮಾತ್ರ ಆ ಹಾಳೆಯಲ್ಲಿ ಅವು ಇಲ್ಲವೆಂದು ದಾಟಿದ್ದೆವು. ಅಲ್ಲಿಂದ ಕೆಳಗೆ ಎಲ್ಲರ ಹೆಸರೂ ಒಂದೊಂದು ಸಾಲು ಜಾರಿತ್ತು.

ಹಾಳೆ ಇಟ್ಟವನ ಮೇಲೆ ಸಿಟ್ಟು ಬಂತು, ಆಮೇಲೆ ಭಯವಾಯಿತು. ತಪ್ಪು ನಮ್ಮದೆಂದು ಇವಳಿಗೆ ಹೇಳಿದರೆ ನಾಳೆ ಊರಿನವರೆಲ್ಲ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ, ಹೆಡ್ ಗುಮಾಸ್ತರು ನನ್ನ ಚರ್ಮ ಸುಲಿಯುತ್ತಾರೆ. ಮೊದಲು ಸರಿಮಾಡಿ ಆಮೇಲೆ ಹೇಳೋಣವೆಂದುಕೊಂಡೆ.

"ನೋಡಬೇಕ್ರಿ ಅಕ್ಕಾರ. ಮುಂದಿನ ಸೋಮವಾರ ಬರ್ರಿ," ಅಂದೆ.

"ಹೊಲ ಹೋಗಂಗಿಲ್ಲ ಅಂತ ಹೇಳ್ಲೇನ್ರಿ?"

"ಈಗ ಏನೂ ಹೇಳಾಕ ಬರಂಗಿಲ್ಲ."

ಅವಳು ನೋಟಿಸನ್ನು ಮಡಚಿ ಸೆರಗಿಗೆ ಕಟ್ಟಿಕೊಂಡು ಬಸ್ಸಿಗೆ ಹೋದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಎನ್ನುತ್ತಾರೆ. ಕಾನೂನು ಕೊಟ್ಟಿತ್ತು, ಕೊಡಲೊಲ್ಲದೆ ಕೂತವನು ನಾನು.

ಹೆಡ್ ಗುಮಾಸ್ತರಿಗೆ ಹೇಳಿದಾಗ ಅವರು ಬೈಯಲಿಲ್ಲ.

"ನೀನ ಬರ್ದಿ, ನೀನ ಸರಿಮಾಡು," ಅಂದು ಹೊಸ ಹಾಳೆಗಳನ್ನು ನನ್ನ ಮೇಜಿನ ಮೇಲೆ ಹಾಕಿದರು.

ಆ ವಾರವೆಲ್ಲ ಒಬ್ಬನೇ ಕೂತು ಒಂದೊಂದೇ ಅರ್ಜಿ ಪೂರಾ ಓದಿ ಸಾಲು ಬರೆದೆ. ಬೆನ್ನು ಹಿಡಿದುಕೊಂಡಿತು, ಕಣ್ಣಲ್ಲಿ ನೀರಾಡುತ್ತಿತ್ತು. ಶನಿವಾರದ ಹೊತ್ತಿಗೆ ಮುದುಕನ ಸಾಲೂ ಸರಿಯಾಯಿತು. ವಜಾ ರದ್ದಾದ ಕಾಗದಕ್ಕೆ ಸಹಿ ಮಾಡಿಸಿ ಮೇಜಿನ ಮೇಲೆ ಇಟ್ಟುಕೊಂಡೆ.

ಸೋಮವಾರ ಅವಳು ಬಂದಾಗ ನಾನೇ ಎದ್ದು ಕಾಗದ ಕೊಟ್ಟೆ. "ಹೊಲ ಎಲ್ಲೂ ಹೋಗಿಲ್ರಿ. ತಪ್ಪು ನಮ್ಮದ ಇತ್ತು," ಅಂದೆ.

ಅವಳು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಓದಲು ಬರುತ್ತಿರಲಿಲ್ಲ.

"ಮಾವ ತೀರಿಕೊಂಡ್ರು," ಅಂದಳು. "ಈಗ ನನ್ನ ಗಂಡನ ಹೆಸರಿಗೆ ಮಾಡಾಕ ಮತ್ತೊಂದು ಅರ್ಜಿ ಬರೀಬೇಕೇನ್ರಿ ಅಣ್ಣಾ?"

ಬರೆಯಬೇಕಿತ್ತು. ಗಂಡನ ಹೆಬ್ಬೆಟ್ಟು ಒತ್ತಿಸಿ ತರಲು ಹೇಳಿ, ನಾನೇ ಕೂತು ಬರೆದುಕೊಟ್ಟೆ. ಮಾವನ ಹೆಸರು ಕೇಳಿದೆ, ಊರು ಕೇಳಿದೆ, ತೀರಿಕೊಂಡ ದಿನ ಯಾವುದೆಂದು ಕೇಳಿದೆ.

"ಹೋದ ಸೋಮವಾರ ನಾ ಇಲ್ಲಿಗೆ ಬಂದಿದ್ನಲ್ರಿ, ಅದರ ಮರುದಿನ," ಅಂದಳು. "ಏನಂದ್ರು, ಏನಂದ್ರು ಅಂತ ಒಂದ ಸಮನ ಕೇಳಿದ್ರು. ಏನೂ ಹೇಳಲಿಲ್ಲ ಅಂದೆ."

ನಾನು ಮಂಗಳವಾರದ ತಾರೀಖು ಬರೆದೆ.