ಬರಿಗೈಯಲ್ಲಿ ಕೂಗದವನು

ಫಿನ್ಲೇ ಮೆಕ್‌ವಿಕರ್ ಒಂದು ದಿನ ಮಾತಾಡಿ ಹೊಟ್ಟೆ ಹೊರೆಯುತ್ತಾನೆ ಎಂದು ಐದು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ, ನಾನು ಅವರ ತಲೆಯ ಮೇಲೆ ತಣ್ಣೀರು ಸುರಿಯುತ್ತಿದ್ದೆ. ಕೊರಿಬಾನ್ ಗುಡ್ಡದಲ್ಲಿ ಮೂವತ್ತೊಂದು ವರ್ಷ ಕುರಿ ಕಾದವನು ಅವನು. ಗುಡ್ಡದ ಬುಡದಲ್ಲಿರುವ ನನ್ನ ಚಹಾದಂಗಡಿಗೆ ವಾರಕ್ಕೊಮ್ಮೆ ಬರುತ್ತಿದ್ದ. ಬಂದವನು "ಚಳಿ" ಅನ್ನುತ್ತಿದ್ದ, ಹೊರಡುವಾಗ "ಬರ್ತೀನಿ ಎಫೀ" ಅನ್ನುತ್ತಿದ್ದ. ನಡುವೆ ಬಾಯಿ ತೆರೆಯುತ್ತಿದ್ದದ್ದು ನಾನು ಬೇಯಿಸಿದ ಸ್ಕೋನ್ ಬನ್ನು ತಿನ್ನುವುದಕ್ಕೆ ಮಾತ್ರ.

ಆಮೇಲೆ ಮಂಡಿಗಳೆರಡೂ ಕೈಕೊಟ್ಟವು, ಗುಡ್ಡ ಇಳಿದ. ಸ್ಟರ್ಲಿಂಗ್ ಪಟ್ಟಣದ ಒಂದು ಸಣ್ಣ ಪ್ರವಾಸ ಕಂಪನಿ ಅವನಿಗೆ ಹದಿನಾರು ಸೀಟಿನ ಬಸ್ಸು ಕೊಟ್ಟು, ಕಿವಿಗೊಂದು ಮೈಕು ಸಿಕ್ಕಿಸಿತು. ಬೆಳಿಗ್ಗೆ ಊರು ಬಿಟ್ಟು ಮೂರು ಲಾಖ್ ಸರೋವರಗಳ ದಂಡೆ ಸುತ್ತುವುದು, ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಚಹಾ, ಸಂಜೆಗೆ ವಾಪಸು. ಮೊದಲ ತಿಂಗಳು ಮೈಕಿನಲ್ಲಿ ಅವನು ಹೇಳುತ್ತಿದ್ದದ್ದು ಎರಡೇ ಮಾತು. "ಎಡಕ್ಕೆ ನೀರು." "ಬಲಕ್ಕೆ ಗುಡ್ಡ." ಜನ ದೂರು ಕೊಟ್ಟರು. ಬೇರೆ ದಾರಿಯಿಲ್ಲದೆ, ತನಗೆ ಗೊತ್ತಿದ್ದ ಒಂದೇ ವಿಷಯ ಹೇಳಲು ಶುರುಮಾಡಿದ. ಅದು ಕುರಿ.

ಕೊರಿಬಾನ್ ತಿರುವಿನಲ್ಲಿ ಬಸ್ಸು ನಿಲ್ಲಿಸಿ ಕೇಳುತ್ತಿದ್ದ. "ಬೇಲಿ ಎಲ್ಲಿದೆ ತೋರಿಸಿ ನೋಡೋಣ?" ಎಲ್ಲರೂ ಕಿಟಕಿಗೆ ಮೂಗು ಒತ್ತಿ ಹುಡುಕುತ್ತಿದ್ದರು. "ಹುಡುಕಬೇಡಿ, ಇಲ್ಲ. ಈ ಕುರಿಗಳಿಗೆ ಬೇಲಿ ಬೇಡ. ಇದಕ್ಕೆ ನಾವು ಹೆಫ್ಟ್ ಅಂತೀವಿ. ನಮ್ಮ ಮೇವು ಈ ಹಳ್ಳದ ತನಕ, ಆ ಬಂಡೆಯಿಂದಾಚೆ ನಮ್ಮದಲ್ಲ ಅಂತ ತಾಯಿ ಮರಿಗೆ ಕಲಿಸುತ್ತೆ, ಮರಿ ತನ್ನ ಮರಿಗೆ. ಹಾಗಾಗಿ ಗುಡ್ಡ ಯಾರ ಕೈಗೆ ಹೋದರೂ ಕುರಿ ಗುಡ್ಡದ ಜೊತೆಗೇ ಹೋಗಬೇಕು. ನಾನು ಬಿಟ್ಟು ಬಂದೆ, ಅವು ಬರಲಿಲ್ಲ." ಇಲ್ಲಿ ಬಸ್ಸಿನವರು ನಗುತ್ತಿದ್ದರು. ಅವನು ತಮಾಷೆಗೆ ಹೇಳುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಅವನದೊಂದು ಕೂಗಿತ್ತು. ಹಿಮ ಬಿದ್ದ ದಿನಗಳಲ್ಲಿ ಬೆನ್ನ ಮೇಲೆ ಹುಲ್ಲಿನ ಹೊರೆ ಹೊತ್ತು ಹೋಗಿ, ಗಂಟಲೆತ್ತಿ "ಹೋ... ಆ... ಹೋ" ಅಂದರೆ ಎಲ್ಲೆಲ್ಲಿದ್ದ ಕುರಿಯೂ ಇಳಿದು ಬರುತ್ತಿತ್ತು. ಆ ಕೂಗಿಗೆ ಅವನೇ ಒಂದು ನೇಮ ಮಾಡಿಕೊಂಡಿದ್ದ. ಬರಿಗೈಯಲ್ಲಿ ಕೂಗಬಾರದು. ಒಂದು ಸಲ ಮೋಸ ಮಾಡಿದರೆ, ನಿಜವಾಗಿ ಜೀವ ಉಳಿಸಬೇಕಾದ ದಿನ ಅವು ಬರುವುದಿಲ್ಲ. ಬಸ್ಸಿನವರು ಎಷ್ಟೇ ಗೋಗರೆದರೂ ಈ ನಾಲ್ಕು ವರ್ಷದಲ್ಲಿ ಅವನು ಒಮ್ಮೆಯೂ ಕೂಗಿರಲಿಲ್ಲ.

"ಒಂದು ಸಲ ಕೂಗಿದ್ರೆ ನಿನ್ನ ಗಂಟಲೇನು ಸವೆದುಹೋಗುತ್ತಾ?" ಎಂದು ನಾನು ಛೇಡಿಸುತ್ತಿದ್ದೆ.

"ಫೋಟೋ ತೆಗೆಸ್ಕೊಳ್ಳೋಕೆ ಕರೀಬೇಕಾ ಅವನ್ನ?" ಎಂದು ಬೇರೆ ಕಡೆ ನೋಡುತ್ತಿದ್ದ.

ಈ ವರ್ಷ ಗುಡ್ಡ ಮಾರಾಟವಾಯಿತು. ಕೊಂಡವರು ಅಲ್ಲಿ ಮರ ಬೆಳೆಸುತ್ತಾರಂತೆ. ಸಸಿ ಇದ್ದಲ್ಲಿ ಕುರಿ ಇರುವಂತಿಲ್ಲ. ಗುಡ್ಡದ ಜೊತೆ ಕುರಿ ಎನ್ನುವ ನಮ್ಮ ಹಳೇ ಕಟ್ಟಳೆ ಅವರ ಕಾಗದದಲ್ಲಿ ಇರಲಿಲ್ಲ. ಫಿನ್ಲೇ ನಂತರ ಫಾರ್ಮ್ ನೋಡಿಕೊಳ್ಳುತ್ತಿದ್ದ ಮೋರಗ್ ಅಕ್ಟೋಬರಿನಲ್ಲಿ ಎರಡು ದಿನ ಓಡಾಡಿ ಹೆಚ್ಚಿನವನ್ನು ಇಳಿಸಿದಳು. ನಲವತ್ತಮೂರು ಮಾತ್ರ ಮೇಲಿನ ಕೊಳ್ಳದಲ್ಲಿ ಉಳಿದುಬಿಟ್ಟವು. ಮಂಜು ಕವಿದಿತ್ತು, ಅವಳ ನಾಯಿಯ ಪಾದ ಸೀಳಿತ್ತು, ಕುರಿ ಒಯ್ಯುವ ಲಾರಿ ಬಂದು ನನ್ನ ಅಂಗಡಿಯ ಪಕ್ಕದ ಫಾರ್ಮ್ ಅಂಗಳದಲ್ಲಿ ನಿಂತಿತ್ತು. ಫಿನ್ಲೇಯ ಬಸ್ಸು ಬಂದದ್ದು ಅದೇ ಹೊತ್ತಿಗೆ.

ಮೋರಗ್ ನೇರ ಅವನ ಬಳಿ ಬಂದಳು. "ನೀವು ಕೂಗಬೇಕು."

"ಆಗೋದಿಲ್ಲ."

"ನಾನು ಬೆಳಗಿಂದ ಕೂಗಿ ಸಾಕಾಯ್ತು, ತಿರುಗಿ ಕೂಡ ನೋಡ್ಲಿಲ್ಲ. ಅದರಲ್ಲಿ ಅರ್ಧ ನೀವು ಬೆಳೆಸಿದ ಕುರಿಗಳು."

"ಅದಕ್ಕೇ ಆಗೋದಿಲ್ಲ ಅಂದಿದ್ದು. ನನ್ನ ಬಾಯಿಂದ ಅವನ್ನ ಗುಡ್ಡ ಬಿಡಿಸ್ಬೇಡ ಹೆಣ್ಣೇ."

ಮೋರಗ್ ಕಣ್ಣು ಒರೆಸಿಕೊಂಡಳು. "ಇವತ್ತು ಇಳೀಲಿಲ್ಲ ಅಂದ್ರೆ ನಾಳೆ ಗುಡ್ಡ ಕೊಂಡವರ ಜನ ಬೈಕ್ ತಗೊಂಡು ಅಟ್ಟೋಕೆ ಬರ್ತಾರೆ. ಪಕ್ಕದ ಗುಡ್ಡದಲ್ಲಿ ಹೀಗೇ ಅಟ್ಟಿದಾಗ ಏನಾಯ್ತು ನಿಮಗೆ ಗೊತ್ತು."

ಗೊತ್ತಿಲ್ಲದೆ ಏನು. ಅವತ್ತೂ ಇಂಥದೇ ಮಂಜಿನಲ್ಲಿ ಒಂಬತ್ತು ಕುರಿ ಕಮರಿಗೆ ಬಿದ್ದಿದ್ದವು. ಕೆಳಗಿನ ಹಳ್ಳದಿಂದ ಅವನ್ನು ಎಳೆದು ಹಾಕಿದವರಲ್ಲಿ ಫಿನ್ಲೇಯೂ ಇದ್ದ.

ಬಸ್ಸಿನ ಹದಿನಾಲ್ಕು ಜನ ನನ್ನ ಬಾಗಿಲಲ್ಲಿ ಕೈ ಉಜ್ಜಿಕೊಳ್ಳುತ್ತ ನಿಂತಿದ್ದರು.

"ಮೇವು ಏನಿದೆ?" ಎಂದು ಫಿನ್ಲೇ ಕೇಳಿದ.

"ಎಲ್ಲ ಮಾರಿಬಿಟ್ಟೆ. ಖಾಲಿ ಬಕೆಟ್ ಅಲ್ಲಾಡಿಸಿದ್ರಾಯ್ತು ಬಿಡಿ."

ಫಿನ್ಲೇ ಅವಳನ್ನು ಒಮ್ಮೆ ದುರುಗುಟ್ಟಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. "ಎಫೀ, ಸ್ಕೋನ್ ಎಷ್ಟಿವೆ?"

"ಐವತ್ತು. ಈಗಷ್ಟೇ ಒಲೆಯಿಂದ ತೆಗೆದಿದ್ದು. ಅವು ಇವರಿಗೆ."

"ಎಲ್ಲ ತಾ."

"ನನ್ನ ಸ್ಕೋನ್ ಕುರಿಗಾ? ತಲೆ ನೆಟ್ಟಗಿದೆಯಾ ನಿಂಗೆ?"

"ತಾ ಎಫೀ" ಅಂದ. ಐವತ್ತು ಸ್ಕೋನನ್ನೂ ನಾನೇ ಮುರಿದು ಬಕೆಟ್ಟಿಗೆ ಹಾಕಿದೆ. ಇದೂ ಪ್ರವಾಸದ ಭಾಗವೆಂದುಕೊಂಡು ಬಸ್ಸಿನವರೂ ಕೈಜೋಡಿಸಿದರು.

ದೊಡ್ಡಿಯ ಗೇಟು ತೆರೆದಿಟ್ಟು ಫಿನ್ಲೇ ಗೋಡೆಯ ಬಳಿ ನಿಂತ. ಟೋಪಿ ತೆಗೆದ. ಕೂಗಿದ. ನಾಲ್ಕು ವರ್ಷ ಒಳಗೇ ಇದ್ದ ದನಿ ಮೊದಲು ಒಡೆಯಿತು, ಎರಡನೆಯ ಸಲ ಸರಿಯಾಯಿತು. ಮೇಲೆ ಮಂಜು ಬಿಟ್ಟರೆ ಏನೂ ಇರಲಿಲ್ಲ. ಮತ್ತೆ ಕೂಗಿದ. ಆಗ ಒಂದು ಮುದಿ ಕುರಿಯ ಕಪ್ಪು ಮುಖ ಕಂಡಿತು, ಅದರ ಹಿಂದೆ ಮೂರು, ಆಮೇಲೆ ಸಾಲು ಸಾಲಾಗಿ, ಒಣಗಿದ ಜರಿಗಿಡಗಳ ನಡುವಿನ ಕಾಲುದಾರಿಯಲ್ಲಿ, ಓಡುತ್ತ. ನಡೆಯುತ್ತ ಅಲ್ಲ, ಓಡುತ್ತ ಬಂದವು. ನನಗೆ ಅಳು ತಡೆಯಲಾಗಲಿಲ್ಲ.

ಬಕೆಟ್ ಹಿಡಿದು ಅವನು ದೊಡ್ಡಿಯೊಳಗೆ ಹೋದ, ಅವು ಅವನ ಮೊಣಕಾಲು ತಳ್ಳುತ್ತ ಹಿಂದೆ ಹೋದವು. ಒಂದೊಂದಕ್ಕೂ ಅಂಗೈಯಿಂದಲೇ ತಿನ್ನಿಸಿದ. ಒಂದೂ ತಪ್ಪದಂತೆ ನೋಡಿಕೊಂಡ. ಮುದಿ ಕುರಿಯ ಕಿವಿಯಲ್ಲಿ ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ಆಮೇಲೆ ಹೊರಗೆ ಬಂದು ಗೇಟನ್ನು ತಾನೇ ಹಾಕಿದ. ಅಗುಳಿ ಬಿದ್ದ ಸದ್ದಿಗೆ ಅಷ್ಟೂ ಕುರಿಗಳು ತಲೆಯೆತ್ತಿ ಅವನನ್ನೇ ನೋಡಿದವು.

ಬಸ್ಸಿನವರು ಚಪ್ಪಾಳೆ ತಟ್ಟಿದರು.

ನಾನು ಅವನ ತೋಳು ಹಿಡಿದೆ. "ಫಿನ್ಲೇ, ನೀನು ಮಾಡಿದ್ದೇ ಸರಿ."

"ಸರಿಯೋ ತಪ್ಪೋ ನಂಗೆ ಗೊತ್ತಿಲ್ಲ. ಅವು ಕಮರಿಗೆ ಬೀಳೋದಕ್ಕಿಂತ ನನ್ನ ಮೇಲಿನ ನಂಬಿಕೆ ಕಳ್ಕೊಂಡ್ರೆ ವಾಸಿ ಅನ್ನಿಸ್ತು" ಅಂದ.

ಲಾರಿ ಹತ್ತಿಸುವುದನ್ನು ನೋಡಲು ಅವನು ನಿಲ್ಲಲಿಲ್ಲ. ಬಸ್ಸಿನ ಬಾಗಿಲಲ್ಲಿ ನಿಂತು, ಜನರ ಕೈ ಹಿಡಿದು ಒಬ್ಬೊಬ್ಬರನ್ನೇ ಹತ್ತಿಸಿದ. ಕೊನೆಯಲ್ಲಿ ಹತ್ತಿದ ವಯಸ್ಸಾದ ಹೆಂಗಸಿನ ಮುಖ ಸಂತೋಷದಿಂದ ಕೆಂಪಾಗಿತ್ತು.

"ಬಹಳ ಚೆನ್ನಾಗಿತ್ತು. ಮುಂದಿನ ವಾರ ನನ್ನ ತಂಗಿ ಬರ್ತಾಳೆ, ಅವಳಿಗೂ ಇದನ್ನ ತೋರಿಸ್ತೀರಲ್ವಾ?"

"ಇಲ್ಲಮ್ಮ" ಎಂದ ಫಿನ್ಲೇ. "ಇನ್ನು ಕರೆದ್ರೆ ಬರೋರು ಯಾರೂ ಇಲ್ಲ."