ಫ್ಲಿಕರ್ ಎಂಬ ಪದ ಹೇಳಿಕೊಟ್ಟ ಟೀಚರ್

ಮೊನ್ನೆ ಪುತ್ತೂರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸಿನ ಚೀಲದಿಂದ ಬೀಡಿ ಹೊಗೆಸೊಪ್ಪಿನ ವಾಸನೆ ಬಂತು. ಬೇರೆಯವರಿಗೆ ಅದರಿಂದ ತಲೆನೋವು ಬರಬಹುದು. ನನಗೆ ಇಂಗ್ಲಿಷ್ ನೆನಪಾಗುತ್ತದೆ, ಅದನ್ನು ಕಲಿಸಿದ ಪಕ್ಕದ ಮನೆಯ ಟೀಚರ್ ನೆನಪಾಗುತ್ತಾರೆ...

ಹತ್ತನೇ ತರಗತಿಯಲ್ಲಿ ನಾನು ಇಂಗ್ಲಿಷಿಗೆ ಡುಮ್ಕಿ ಹೊಡೆದಿದ್ದೆ. ಓದಿದ್ದು ಸಾಕು ಎಂದು ಅಮ್ಮ ನನ್ನ ಮಡಿಲಿಗೂ ಎಲೆ, ಹೊಗೆಸೊಪ್ಪು ತುಂಬಿದ ಒಂದು ಗೆರಸೆ ಇಟ್ಟಳು. ಕೆದಂಬಾಡಿಯ ನಮ್ಮ ಜಗಲಿಯಲ್ಲಿ ಇಬ್ಬರೂ ಬೀಡಿ ಕಟ್ಟತೊಡಗಿದೆವು. ಮತ್ತೆ ಪರೀಕ್ಷೆ ಕಟ್ಟುವ ಆಸೆ ನನಗಿತ್ತು, ಹೇಳುವ ಧೈರ್ಯ ಇರಲಿಲ್ಲ. ಅದು ಟೀಚರಿಗೆ ಹೇಗೆ ತಿಳಿಯಿತೋ... ಶಾಲೆಯಿಂದ ಬಂದವರು ಸಂಜೆ ನಮ್ಮ ಜಗಲಿಯಲ್ಲೇ ಕೂರತೊಡಗಿದರು. ನನ್ನ ಕೈಗೆ ಬಿಡುವಿಲ್ಲದ್ದರಿಂದ ಪಾಠವೆಲ್ಲ ಬಾಯಲ್ಲೇ. ಒಂದೊಂದು ಪದಕ್ಕೂ ಅವರ ಹತ್ತಿರ ಒಂದು ಕತೆ ಇರುತ್ತಿತ್ತು. ಅಮ್ಮ ಮಾತ್ರ ತಲೆ ಎತ್ತದೆ ಎಲೆ ಸುತ್ತುತ್ತಿದ್ದಳು.

ಒಂದು ಸಂಜೆ ದೇವರ ದೀಪ ಗಾಳಿಗೆ ಹೊಯ್ದಾಡಿತು. ಟೀಚರ್ ಅದನ್ನು ತೋರಿಸಿ, ಇದಕ್ಕೆ ಇಂಗ್ಲಿಷಿನಲ್ಲಿ ಫ್ಲಿಕರ್ ಎನ್ನುತ್ತಾರೆ ಎಂದರು. ಆ ಪದ ಮೊದಲು ದೀಪದ್ದೇ ಅಲ್ಲವಂತೆ. ಹಳೆಯ ಇಂಗ್ಲಿಷಿನಲ್ಲಿ ಹಕ್ಕಿ ಪಟಪಟ ರೆಕ್ಕೆ ಬಡಿಯುವುದಕ್ಕೆ ಹಾಗೆನ್ನುತ್ತಿದ್ದರಂತೆ, ದೀಪಕ್ಕೆ ಬಂದದ್ದು ಎಷ್ಟೋ ಶತಮಾನಗಳ ಮೇಲೆ. ಈಗ ಕಣ್ಣರೆಪ್ಪೆ ಅದುರಿದರೂ ಅದೇ ಪದ, ಮನಸ್ಸಿನಲ್ಲಿ ಚೂರು ಆಸೆ ಮಿಣುಕಿದರೂ ಅದೇ. ನಾನು ಬೀಡಿ ಮರೆತು ಕೇಳುತ್ತಿದ್ದೆ.

ಅಮ್ಮನ ಕೈಯೂ ನಿಂತಿತ್ತು. "ಟೀಚರೇ, ಇವಳಿಗೆ ಓದುವ ಆಸೆ ಇನ್ನೂ ಉಂಟಾ?" ಎಂದು ಕೇಳಿದಳು.

"ಆರಿಲ್ಲ ಮಾರಾಯ್ರೆ. ಗಾಳಿಗೆ ಆಡ್ತಾ ಉಂಟು, ಅಷ್ಟೆ. ನೀವು ಸ್ವಲ್ಪ ಕೈ ಅಡ್ಡ ಹಿಡಿದ್ರೆ ಆಯ್ತು."

ಅಮ್ಮ ನನ್ನ ಗೆರಸೆಯಲ್ಲಿದ್ದ ಎಲೆಯನ್ನೂ ಹೊಗೆಸೊಪ್ಪನ್ನೂ ತನ್ನ ಗೆರಸೆಗೆ ಸುರಿದುಕೊಂಡಳು. ಪರೀಕ್ಷೆ ಮುಗಿಯುವವರೆಗೆ ನನ್ನ ಪಾಲಿನ ಬೀಡಿಯನ್ನೂ ಅವಳೇ ಕಟ್ಟಿದಳು.

ಪಾಸಾದ ದಿನ ಟೀಚರ್ ಓಡಿ ಬಂದು ಹಿಡಿದದ್ದು ಅಮ್ಮನ ಕೈ, ನನ್ನದಲ್ಲ. ಕಷ್ಟಪಟ್ಟು ಓದಿದವಳು ನಾನಲ್ಲವೇ ಎಂದು ಆಗ ನನಗೆ ಬೇಜಾರೇ ಆಗಿತ್ತು...

ಈಗ ಅವರಿಬ್ಬರೂ ಇಲ್ಲ. ನಾನು ಕಡಬದ ಕಡೆಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಆ ಟೀಚರ್ ನಮ್ಮ ಜಗಲಿ ಹತ್ತದೇ ಇದ್ದಿದ್ದರೆ ಈ ಕೆಲಸ ನನ್ನದಾಗುತ್ತಿರಲಿಲ್ಲ. ನನ್ನ ಕ್ಲಾಸಿನಲ್ಲಿ ಯಾರಾದರೂ ಫೇಲಾದರೆ ಆ ಸಂಜೆ ಅವರ ಮನೆಗೆ ಹೋಗುತ್ತೇನೆ. ಹೋಗಿ, ಮೊದಲು ಅವರ ಅಮ್ಮನ ಪಕ್ಕದಲ್ಲಿ ಕೂರುತ್ತೇನೆ.